ಮುಳ್ಳಿನ ಕಿರೀಟಕ್ಕೆ ಹೊಸಿಲಾಚೆಯೇ ಸುಖ

ಹಾಲ್‌ನಲ್ಲಿ, ಟೀವಿ ಪಕ್ಕದ ಸ್ಟೂಲಿನ ಮೇಲೆ, ಪಿಂಗಾಣಿ ಕುಂಡದಲ್ಲಿ ಕೂತ ಯೂಫೋರ್ಬಿಯಾ ಕಂಡಾಗಲೆಲ್ಲ ಅದನ್ನೆತ್ತಿಕೊಂಡು ಹೋಗಿ ಆ ಮನೆಯವರ ಕಾಂಪೌಂಡ್ ಗೋಡೆಯ ಮೇಲೆ ಇಟ್ಟುಬರುವ ಆಸೆಯಾಗುತ್ತದೆ. ಎಲೆಯೆಲ್ಲ ಉದುರಿ, ತುದಿಯಲ್ಲಿ ನಾಲ್ಕೇ ನಾಲ್ಕು ಅರೆಹಳದಿ ಎಲೆ ಉಳಿದು, ಉಳಿದ ಮೈಯೆಲ್ಲ ಬರೀ ಮುಳ್ಳಾಗಿ ನಿಂತಿರುತ್ತದೆ. ಕೇಳಿದರೆ, ‘ತರುವಾಗ ತುಂಬ ಹೂ ಇತ್ತು ಸಾರ್, ಒಂದು ದಿನಾನೂ ನೀರು ತಪ್ಪಿಸಿಲ್ಲ, ಯಾಕೋ ಏಳ್ತಾನೇ ಇಲ್ಲ’ ಎನ್ನುತ್ತಾರೆ. ಅದೇ ರಸ್ತೆಯ ಕೊನೆಯಲ್ಲಿ ಯಾವುದೋ ಹಳೇ ಮನೆಯ ಗೇಟಿನ ಪಕ್ಕ, ಬಿರುಕು ಬಿಟ್ಟ ಸಿಮೆಂಟ್ ಕುಂಡದಲ್ಲಿ, ಅದೇ ಜಾತಿಯ ಗಿಡ ಯಾರ ಆರೈಕೆಯೂ ಇಲ್ಲದೆ ವರ್ಷದುದ್ದಕ್ಕೂ ಕೆಂಪಗೆ ಹೂ ಹೊತ್ತು ನಿಂತಿರುತ್ತದೆ.

ಸಸ್ಯಶಾಸ್ತ್ರದಲ್ಲಿ ಇದು ಯೂಫೋರ್ಬಿಯಾ ಮಿಲಿ. ಇಂಗ್ಲಿಷಿನವರಿಗೆ ‘ಕ್ರೌನ್ ಆಫ್ ಥಾರ್ನ್ಸ್’, ಅಂದರೆ ಮುಳ್ಳಿನ ಕಿರೀಟ. ನಮ್ಮ ನರ್ಸರಿಗಳಲ್ಲಿ ಬರೀ ‘ಯೂಫೋರ್ಬಿಯಾ’ ಎಂದು ಕೇಳಿದರೂ ಇದನ್ನೇ ಎತ್ತಿ ಕೊಡುತ್ತಾರೆ. ಇದರ ಆರೈಕೆ ಹೇಗೆಂದು ಮೊಬೈಲಿನಲ್ಲಿ ಹುಡುಕಿ ನೋಡಿ, ಸಲಹೆಗಳೆಲ್ಲ ‘ಮನೆಯೊಳಗಿನ ಗಿಡ’ ಎಂಬಲ್ಲಿಂದಲೇ ಶುರುವಾಗುತ್ತವೆ. ದಕ್ಷಿಣದ ಕಿಟಕಿಗೆ ಇಡಿ, ಚಳಿಗಾಲದಲ್ಲಿ ನೀರು ತಗ್ಗಿಸಿ, ತಾಪಮಾನ 10 ಡಿಗ್ರಿಗಿಂತ ಇಳಿಯಲು ಬಿಡಬೇಡಿ. ಯಾವುದೂ ಸುಳ್ಳಲ್ಲ. ಆದರೆ ಅದು ಲಂಡನ್‌ನಲ್ಲೋ ಬರ್ಲಿನ್‌ನಲ್ಲೋ ಇರುವವರಿಗೆ ಬರೆದದ್ದು. ಹಿಮ ಬಿದ್ದರೆ ಈ ಗಿಡ ಉಳಿಯುವುದಿಲ್ಲ, ಅದಕ್ಕೇ ಅಲ್ಲಿನವರು ಬೇರೆ ದಾರಿ ಕಾಣದೆ ಒಳಗೆ ತಂದಿಟ್ಟುಕೊಂಡರು. ಚಳಿಗೆ ಹೆದರಿ ಮಾಡಿಕೊಂಡ ಆ ಏರ್ಪಾಡನ್ನೇ ನಾವು ಗಿಡದ ಸ್ವಭಾವ ಅಂದುಕೊಂಡು ಕೂತಿದ್ದೇವೆ. ನಮ್ಮ ಕಡೆ ಇದಕ್ಕೆ ಚಳಿಯ ಭಯವಿಲ್ಲ. ಇಲ್ಲಿ ಇದನ್ನು ಕೆಡಿಸುವುದು ನೆರಳು ಮತ್ತು ಬುಡದಲ್ಲಿ ನಿಂತ ನೀರು.

ಇದರ ತವರು ಮಡಗಾಸ್ಕರ್. ಆ ದೊಡ್ಡ ದ್ವೀಪ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 12ರಿಂದ 25 ಡಿಗ್ರಿವರೆಗೆ ಚಾಚಿಕೊಂಡಿದೆ. ನಮ್ಮ ಕರ್ನಾಟಕ ಉತ್ತರಕ್ಕೆ ಸುಮಾರು 11ರಿಂದ 18 ಡಿಗ್ರಿಯೊಳಗೆ. ಅಂದರೆ ಸೂರ್ಯನ ಮಟ್ಟಿಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಕೇರಿಯವರು. ಅಲ್ಲಿನ ನಡುನಾಡಿನ ಎತ್ತರದ ಸೀಮೆಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚೆನ್ನಾಗಿಯೇ ಮಳೆ ಬೀಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಒಣಹವೆ. ಹಾಗಾಗಿ ಇದನ್ನು ಮರಳುಗಾಡಿನ ಗಿಡವೆಂದು ತಿಳಿದು ನೀರನ್ನೇ ತೋರಿಸದಿರುವುದೂ ತಪ್ಪು. ಮಳೆ ಕಂಡ ಗಿಡವೇ ಇದು. ಆದರೆ ಅದು ಬೇರೂರುವುದು ಬಂಡೆಯ ಸಂದಿನಲ್ಲಿ, ಕಲ್ಲುಕಲ್ಲಾದ ಇಳಿಜಾರಿನಲ್ಲಿ. ಎಷ್ಟೇ ಸುರಿದರೂ ನೀರು ಬುಡದಲ್ಲಿ ನಿಲ್ಲದೆ ಹರಿದುಹೋಗುತ್ತದೆ, ಮಳೆ ಬಿಟ್ಟ ಮಾರನೆಯ ದಿನ ಬಿಸಿಲು ಬೀಳುತ್ತದೆ. ಅಲ್ಲಿನ ಜನ ಇದನ್ನು ಸಾಲಾಗಿ ನೆಟ್ಟು ಬೇಲಿಯನ್ನೂ ಮಾಡುತ್ತಾರೆ, ನಮ್ಮ ಬಯಲುಸೀಮೆಯವರು ಹೊಲದ ಬದುವಿಗೆ ಕಳ್ಳಿ ನೆಟ್ಟ ಹಾಗೆ.

ಮಿಲಿ ಎಂಬ ಹೆಸರು ಬಂದದ್ದು ಪಿಯರ್ ಬರ್ನಾರ್ ಮಿಲಿಯುಸ್ ಎಂಬ ಫ್ರೆಂಚ್ ನೌಕಾಧಿಕಾರಿಯಿಂದ. ಆಸ್ಟ್ರೇಲಿಯಾ ಕರಾವಳಿಯ ಶೋಧಕ್ಕೆ ಹೋದ ಬೋದಾಂನ ತಂಡದಲ್ಲಿದ್ದ ಈತ, ನಾಯಕ ಬೋದಾಂ 1803ರಲ್ಲಿ ಮಾರಿಷಸ್‌ನಲ್ಲಿ ತೀರಿಕೊಂಡ ಮೇಲೆ ಹಡಗನ್ನು ಊರಿಗೆ ಮುಟ್ಟಿಸಿದವನು. ಮುಂದೆ 1818ರಿಂದ 1821ರವರೆಗೆ ಮಡಗಾಸ್ಕರ್‌ನ ನೆರೆಯ ಬೂರ್ಬೊನ್ ದ್ವೀಪಕ್ಕೆ, ಈಗಿನ ರಿಯೂನಿಯನ್‌ಗೆ, ಗವರ್ನರ್ ಆಗಿದ್ದ. 1821ರಲ್ಲಿ ಈ ಗಿಡ ಫ್ರಾನ್ಸ್ ಸೇರಿದ್ದು ಇವನ ಕಾರಣದಿಂದ. ಬೋರ್ಡೋ ನಗರದ ಸಸ್ಯತಜ್ಞ ಶಾರ್ಲ್ ದೆ ಮುಲಾಂ 1826ರಲ್ಲಿ ಅದಕ್ಕೆ ಅವನ ಹೆಸರನ್ನೇ ಇಟ್ಟ. ಮೂರು ವರ್ಷದ ನಂತರ ಇಂಗ್ಲೆಂಡಿನ ಸಸ್ಯಪತ್ರಿಕೆಯೊಂದರಲ್ಲಿ ಇದೇ ಗಿಡ ಯೂಫೋರ್ಬಿಯಾ ಸ್ಪ್ಲೆಂಡೆನ್ಸ್ ಎಂಬ ಬೇರೆ ಹೆಸರಿನಲ್ಲಿ ಚಿತ್ರಸಮೇತ ಬಂತು. ಎರಡೂ ಒಂದೇ ಎಂದು ಗೊತ್ತಾದ ಮೇಲೆ ಮೊದಲಿನ ಹೆಸರು ನಿಂತಿತು. ಹಳೇ ತೋಟದವರ ಬಾಯಲ್ಲಿ ಸ್ಪ್ಲೆಂಡೆನ್ಸ್ ಈಗಲೂ ಉಳಿದಿದೆ.

ಯೂರೋಪಿಗೆ ಕಾಲಿಟ್ಟದ್ದೇ 1821ರಲ್ಲಿ ಎಂದಮೇಲೆ ಯೇಸುವಿನ ತಲೆಗೆ ತೊಡಿಸಿದ ಮುಳ್ಳಿನ ಕಿರೀಟ ಇದರದ್ದು ಎಂಬ ಕಥೆಯನ್ನು ಕಥೆಯೆಂದೇ ಕೇಳಬೇಕು. ಮೊದಲ ಶತಮಾನದ ಜೆರುಸಲೇಮಿನಲ್ಲಿ ಮಡಗಾಸ್ಕರ್‌ನ ಗಿಡ ಇತ್ತೆನ್ನಲು ಆಧಾರವಿಲ್ಲ. ಸಸ್ಯತಜ್ಞರು ಬೊಟ್ಟು ಮಾಡುವುದು ಆ ಸೀಮೆಯದೇ ಆದ ಝಿಝಿಫಸ್ ಸ್ಪೈನಾ-ಕ್ರಿಸ್ಟಿ ಎಂಬ ಮರದತ್ತ. ಅದು ನಮ್ಮ ಬೋರೆಹಣ್ಣಿನ ಮರದ ಹತ್ತಿರದ ನೆಂಟ. ಬೋರೆ ಕೀಳಲು ಹೋಗಿ ಕೈ ಗೀರಿಸಿಕೊಂಡವರಿಗೆ ಆ ವಾದ ಬೇಗ ಒಪ್ಪಿಗೆಯಾದೀತು.

ಇನ್ನು ಬಿಸಿಲಿನ ಮಾತು. ದಿನಕ್ಕೆ ನಾಲ್ಕು ಗಂಟೆಯಾದರೂ ನೇರ ಬಿಸಿಲು ಮೈಮೇಲೆ ಬೀಳಬೇಕು. ಆರು ಗಂಟೆ ಬಿದ್ದರೆ ಇನ್ನೂ ಒಳ್ಳೆಯದು. ‘ರೂಮಿನಲ್ಲಿ ಬೆಳಕು ಚೆನ್ನಾಗಿದೆ’ ಎಂಬುದು ನಮ್ಮ ಕಣ್ಣಿನ ಲೆಕ್ಕ, ಗಿಡದ ಲೆಕ್ಕವಲ್ಲ. ಬೆಳಕು ಸಾಲದಿದ್ದರೆ ಗಿಡ ಸಾಯುವುದಿಲ್ಲ, ಅಲ್ಲೇ ಮೋಸವಿರುವುದು. ರೆಂಬೆ ಸೊಟ್ಟಗೆ ಉದ್ದವಾಗುತ್ತದೆ, ಎಲೆ ದೂರದೂರ ಆಗುತ್ತವೆ, ಹೂ ನಿಲ್ಲುತ್ತದೆ. ಗಿಡ ಬದುಕಿದೆಯಲ್ಲ ಎಂದು ನಾವು ಸುಮ್ಮನಿರುತ್ತೇವೆ. ಅಪಾರ್ಟ್‌ಮೆಂಟಿನಲ್ಲಿರುವವರು ದಕ್ಷಿಣದ ಬಾಲ್ಕನಿಯನ್ನೇ ನೆಚ್ಚಿಕೊಳ್ಳಬಾರದು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಮತ್ತೆ ನೆತ್ತಿಗೆ ಬರುವುದು ಆಗಸ್ಟಿನಲ್ಲಿ. ನಡುವಿನ ತಿಂಗಳುಗಳಲ್ಲಿ ದಕ್ಷಿಣದ ಬಾಲ್ಕನಿಗೆ ನೆರಳೇ ಗತಿ. ಪೂರ್ವ ಅಥವಾ ಪಶ್ಚಿಮದ ಬಾಲ್ಕನಿಗೆ ವರ್ಷವಿಡೀ ಅರ್ಧ ದಿನದ ಬಿಸಿಲು ಸಿಗುತ್ತದೆ. ತಾರಸಿಯಿದ್ದರೆ ಈ ಯೋಚನೆಯೇ ಬೇಡ. ಬೀದರ್, ವಿಜಯಪುರದ ಕಡೆ ಡಿಸೆಂಬರಿನಲ್ಲಿ ಚಳಿ ಜೋರಾದಾಗ ಒಂದಷ್ಟು ಎಲೆ ಉದುರಬಹುದು. ಸಂಕ್ರಾಂತಿ ಕಳೆದು ಬಿಸಿಲೇರಿದ ಮೇಲೆ ತಾನಾಗಿ ಚಿಗುರುತ್ತದೆ.

‘ಮುಳ್ಳಿನ ಗಿಡ ಮನೆಯೊಳಗಿದ್ದರೆ ಜಗಳ’ ಎನ್ನುವ ಹಿರಿಯರ ಮಾತಿದೆಯಲ್ಲ, ವಾಸ್ತುವಿನಲ್ಲಿ ನನಗೆ ನಂಬಿಕೆಯಿಲ್ಲದಿದ್ದರೂ ಈ ಒಂದು ಗಿಡದ ಮಟ್ಟಿಗೆ ಅವರು ಹೇಳುವ ಜಾಗ ಸರಿಯಾಗಿಯೇ ಇದೆ.

ಥಾಯ್ಲೆಂಡಿನಲ್ಲಿ ನಂಬಿಕೆ ಇದಕ್ಕೆ ತದ್ವಿರುದ್ಧ. ಅಲ್ಲಿ ಇದರ ಹೆಸರು ‘ಪೊಯ್ ಸಿಯನ್’. ಚೀನಾದಿಂದ ಬಂದು ನೆಲೆಸಿದವರು ಇಟ್ಟದ್ದು. ಅವರ ಪುರಾಣದ ಎಂಟು ಮಂದಿ ಚಿರಂಜೀವಿಗಳನ್ನು ನೆನೆಸುವ ಹೆಸರು. ಒಂದೇ ಗೊಂಚಲಿನಲ್ಲಿ ಎಂಟು ಹೂ ಬಿಟ್ಟರೆ ಮನೆಗೆ ಅದೃಷ್ಟ ಬಂತೆಂದೇ ಲೆಕ್ಕ. ಆ ಆಸೆಗೆ ಅಲ್ಲಿನ ಬೆಳೆಗಾರರು ತಳಿಗೆ ತಳಿ ಕೂಡಿಸಿ, ದಪ್ಪ ಕಾಂಡ, ಅಗಲ ಎಲೆ, ದೊಡ್ಡ ದೊಡ್ಡ ಹೂವಿನ ನೂರಾರು ಬಗೆ ತೆಗೆದರು. ಕ್ಯಾಲಿಫೋರ್ನಿಯಾದಲ್ಲಿ ಎಡ್ ಹಮ್ಮೆಲ್ ಎಂಬ ಬೆಳೆಗಾರ ಇನ್ನೊಂದು ಮಡಗಾಸ್ಕರ್ ಜಾತಿಯಾದ ಯೂಫೋರ್ಬಿಯಾ ಲೋಫೋಗೋನದೊಂದಿಗೆ ಇದನ್ನು ಕೂಡಿಸಿ ದೈತ್ಯ ತಳಿಗಳನ್ನು ಮಾಡಿದ. ನಮ್ಮ ನರ್ಸರಿಗಳಲ್ಲಿ ಇಂದು ಕಾಣುವ ಕೆನೆ, ಪೀಚ್, ಗುಲಾಬಿ ಅಂಚಿನ ಹಳದಿ ಹೂಗಳೆಲ್ಲ ಇಂಥ ತಳಿಸಂಕರದ ಕೂಸುಗಳು. ಚೆಂದವೇನೋ ಹೌದು, ಆದರೆ ನನ್ನ ಒಲವು ಹಳೇ ಸಣ್ಣ ಕೆಂಪು ಹೂವಿನ, ಬಳುಕುವ ಕಡ್ಡಿಯ ಗಿಡದ ಕಡೆಗೇ. ದೊಡ್ಡ ಹೂವಿನವು ಮಳೆಗಾಲದಲ್ಲಿ ಬೇಗ ಮುನಿಸಿಕೊಳ್ಳುತ್ತವೆ. ಹಳೆಯದು ಏನಾದರೂ ತಡೆದುಕೊಳ್ಳುತ್ತದೆ.

ಹೂ ಎಂದೆ. ಒಂದನ್ನು ಕಿತ್ತು ಅಂಗೈ ಮೇಲಿಟ್ಟು, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿ. ಕೆಂಪಗಿರುವ ಆ ಎರಡು ‘ದಳ’ಗಳು ದಳಗಳೇ ಅಲ್ಲ, ಬಣ್ಣ ತಿರುಗಿದ ಎಲೆಗಳು. ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಗಳಲ್ಲಿ ತುಂಬುವ ಪಾಯಿನ್‌ಸೆಟ್ಟಿಯಾದ್ದೂ ಇದೇ ಲಕ್ಷಣ. ಎರಡೂ ಒಂದೇ ಕುಲದವು. ಎರಡು ಕೆಂಪು ಎಲೆಗಳ ನಡುವೆ ಹಳದಿಯ ಪುಟ್ಟ ಬಟ್ಟಲೊಂದಿದೆ. ಅದರ ಅಂಚಿನಲ್ಲಿ ಐದು ದಪ್ಪ ಗ್ರಂಥಿಗಳು, ಬೆಳಗಿನ ಹೊತ್ತು ಜಿನುಗಿದ ಮಕರಂದದಿಂದ ಹೊಳೆಯುತ್ತಿರುತ್ತವೆ. ಬಟ್ಟಲೊಳಗೆ ನಟ್ಟನಡುವೆ ಒಂದೇ ಒಂದು ಹೆಣ್ಣು ಹೂ. ಸುತ್ತ ಒಂದೊಂದೇ ಕೇಸರವಿರುವ ಗಂಡು ಹೂಗಳು. ಅಂದರೆ ನಾವು ಒಂದು ಹೂ ಎಂದು ಎಣಿಸುವುದು ನಿಜವಾಗಿ ಒಂದು ಸಂಸಾರ. ದಳವಾಗಿದ್ದರೆ ಎರಡು ಮೂರು ದಿನಕ್ಕೆ ಬಾಡುತ್ತಿತ್ತು, ಎಲೆಯಾದ್ದರಿಂದ ವಾರಗಟ್ಟಲೆ ನಿಲ್ಲುತ್ತದೆ. ಮುಳ್ಳಿನದೂ ಹೀಗೇ ಒಂದು ವೇಷ. ಎಲೆಯ ತೊಟ್ಟಿನ ಬುಡದಲ್ಲಿ ಜೋಡಿಯಾಗಿ ಬರಬೇಕಿದ್ದ ಪುಟ್ಟ ಎಲೆಗಳೇ ಇಲ್ಲಿ ಮುಳ್ಳಾಗಿವೆ. ಆದ್ದರಿಂದಲೇ ಎಲೆ ಉದುರಿದ ಗುರುತಿನ ಎರಡೂ ಬದಿಗೆ ಮುಳ್ಳು ಇರುತ್ತದೆ. ಒಮ್ಮೆ ಎಲೆ ಉದುರಿದ ಕಡೆ ಮತ್ತೆ ಎಲೆ ಬರುವುದಿಲ್ಲ, ಹೊಸ ಚಿಗುರಿನಲ್ಲಷ್ಟೇ. ಕೆಳಗಿನ ಎಲೆ ಉದುರಿತೆಂದು ಗಾಬರಿಯಾಗಬೇಕಿಲ್ಲ.

ಮುಳ್ಳಿದೆ ಎಂದಮಾತ್ರಕ್ಕೆ ಇದು ಕ್ಯಾಕ್ಟಸ್ ಅಲ್ಲ. ಕ್ಯಾಕ್ಟಸ್‌ಗಳ ಮೂಲ ಅಮೆರಿಕ ಖಂಡ. ನಮ್ಮ ಬೇಲಿಬದಿಯ ಪಾಪಾಸುಕಳ್ಳಿಯೂ ಅಲ್ಲಿಂದ ಬಂದದ್ದೇ. ಅದರ ಹೆಸರಿನಲ್ಲಿ ಕಳ್ಳಿ ಇದ್ದರೂ ಕೊಯ್ದರೆ ಹಾಲು ಬರುವುದಿಲ್ಲ, ಬರೀ ಲೋಳೆ. ಚದುರಗಳ್ಳಿ, ಕೋಲುಕಳ್ಳಿ, ಎಲೆಗಳ್ಳಿ ಇವು ಅಸಲಿ ಯೂಫೋರ್ಬಿಯಾಗಳು, ಗೀರಿದರೆ ಸಾಕು ಹಾಲು ಚಿಮ್ಮುತ್ತದೆ. ಸುಮಾರು ಎರಡು ಸಾವಿರ ಜಾತಿಗಳಿರುವ ಬಹುದೊಡ್ಡ ಕುಲ ಇದು. ಔಡಲ, ಮರಗೆಣಸು, ರಬ್ಬರ್ ಎಲ್ಲ ಇದರ ದಾಯಾದಿಗಳು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಪಾಲಿಸಬೇಕು. ಇದರ ಹಾಲು ತಾಗಿದರೆ ಕೆಲವರ ಚರ್ಮ ಕೆಂಪಾಗಿ ಉರಿಯುತ್ತದೆ, ಬೊಬ್ಬೆ ಏಳುವುದೂ ಉಂಟು. ಕಣ್ಣಿಗೆ ಬಿದ್ದರಂತೂ ಆಟದ ಮಾತಲ್ಲ: ಹದಿನೈದು ನಿಮಿಷವಾದರೂ ನಲ್ಲಿಯ ನೀರಿನಲ್ಲಿ ತೊಳೆದು, ಉರಿ ಕಡಿಮೆಯಾಯಿತೆಂದು ಮಲಗದೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ನರಹುಲಿಗೆ ಕಳ್ಳಿಹಾಲು ಹಚ್ಚುವ ಮನೆಮದ್ದನ್ನು ಇದರಿಂದ ಮಾಡಲೇಬೇಡಿ. ಬ್ರೆಜಿಲ್‌ನ ಸಂಶೋಧಕರು ಇದೇ ಹಾಲಿಗೆ ಒಂದು ಉಪಯೋಗ ಹುಡುಕಿದ್ದಾರೆ. ಅಲ್ಲಿ ಶಿಸ್ಟೊಸೋಮಿಯಾಸಿಸ್ ಎಂಬ ಕಾಯಿಲೆಯ ಪರಾವಲಂಬಿ ಹುಳ ಬೆಳೆಯುವುದು ಸಿಹಿನೀರಿನ ಬಸವನಹುಳುಗಳಲ್ಲಿ. ಈ ಹಾಲನ್ನು ನೀರಿಗೆ ಅತಿ ಸಣ್ಣ ಪ್ರಮಾಣದಲ್ಲಿ ಬೆರೆಸಿದರೂ ಆ ಬಸವನಹುಳುಗಳು ಸಾಯುತ್ತವೆಂದು ಪ್ರಯೋಗಗಳಲ್ಲಿ ಕಂಡಿದೆ. ಮನೆಯಲ್ಲಿ ತೆವಳುವ ಕೂಸು, ಸಿಕ್ಕಿದ್ದನ್ನೆಲ್ಲ ಕಚ್ಚುವ ನಾಯಿಮರಿ ಇದ್ದರೆ ಗಿಡ ಎಲ್ಲಿರಬೇಕೆಂದು ಬೇರೆ ಹೇಳಬೇಕಿಲ್ಲ.

ಕುಂಡಕ್ಕೆ ಮಣ್ಣಿನದೇ ವಾಸಿ, ಪಿಂಗಾಣಿಯಾದರೆ ತಳದಲ್ಲಿ ತೂತಿರಲೇಬೇಕು. ಕುಂಡ ತೀರ ದೊಡ್ಡದಾಗಬಾರದು. ದೊಡ್ಡ ಕುಂಡದ ಒದ್ದೆ ಮಣ್ಣು ಬೇಗ ಆರುವುದಿಲ್ಲ. ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಮೂರೂ ಸಮಪಾಲು ಹಾಕಿದರೆ ಸಾಕು. ಹೊಳೆಮರಳು ಈಗ ಸುಲಭಕ್ಕೆ ಸಿಗುವುದಿಲ್ಲ, ಎಂ-ಸ್ಯಾಂಡ್ ಆದೀತು. ಆದರೆ ಬಕೆಟ್ಟಿಗೆ ಹಾಕಿ ಎರಡು ಮೂರು ಸಲ ತೊಳೆದು ಪುಡಿ ಹೋಗಿಸಬೇಕು. ಇಲ್ಲದಿದ್ದರೆ ಆ ಪುಡಿ ಮಣ್ಣಿನ ಜೊತೆ ಸೇರಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಗೊಬ್ಬರದ ವಿಷಯದಲ್ಲಿ ಜಿಪುಣರಾಗಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬಂದು ಹೂ ಕಾಣದಾಗುತ್ತದೆ.

ನೀರಿಗೆ ವಾರದ ಲೆಕ್ಕ ಕೇಳಬೇಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ತಳದಿಂದ ಸುರಿಯುವಷ್ಟು ಹಾಕಿ, ಒದ್ದೆಯಿದ್ದರೆ ಸುಮ್ಮನಿರಿ. ಬಳ್ಳಾರಿ, ಕಲಬುರಗಿಯ ಮೇ ತಿಂಗಳಲ್ಲಿ ತಾರಸಿಯ ಸಣ್ಣ ಕುಂಡಕ್ಕೆ ದಿನಾ ಬೇಕಾದೀತು; ಬೆಂಗಳೂರಿನ ಜುಲೈ ಮೋಡದಲ್ಲಿ ಹತ್ತು ದಿನಕ್ಕೂ ಬೇಡ. ಮನೆಗೆಲಸದವರಿಗೆ ‘ದಿನಾ ಗಿಡಗಳಿಗೆ ನೀರು ಹಾಕಮ್ಮ’ ಎಂದು ಹೇಳಿ ಆಫೀಸಿಗೆ ಹೋಗುವ ಮನೆಗಳಲ್ಲಿ ಇದನ್ನು ಮಲ್ಲಿಗೆ, ದಾಸವಾಳದ ಸಾಲಿನಿಂದ ಬೇರೆ ಇಡಬೇಕು. ಎಲೆ ಹಳದಿಯಾಗುವುದು ನೀರು ಹೆಚ್ಚಾದರೂ ಸರಿ, ಕಡಿಮೆಯಾದರೂ ಸರಿ. ವ್ಯತ್ಯಾಸ ತಿಳಿಯಲು ಬುಡ ಅದುಮಿ ನೋಡಬೇಕು. ಗಟ್ಟಿಯಿದ್ದು ಮೇಲಿನ ಕಾಂಡ ಸುಕ್ಕಾಗಿದ್ದರೆ ಬಾಯಾರಿಕೆ. ಬುಡವೇ ಮೆತ್ತಗಾಗಿದ್ದರೆ ಕೊಳೆ. ಬೋರ್‌ವೆಲ್ ನೀರೇ ಗತಿಯಾದವರ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ವರ್ಷಕ್ಕೊಂದೆರಡು ಸಲ ಮಳೆನೀರನ್ನು ಧಾರಾಳವಾಗಿ ಸುರಿದು ಆ ಉಪ್ಪನ್ನು ತಳದಿಂದ ಇಳಿಸಿಬಿಡಬೇಕು.

ಮಲೆನಾಡು, ಕರಾವಳಿಯವರಿಗೆ ನಿಜವಾದ ಪರೀಕ್ಷೆ ಜೂನ್ ತಿಂಗಳಿನಿಂದ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಬಂಡೆಯ ಸಂದಿನ ಗಿಡವಾದರೂ ಏನು ಮಾಡೀತು? ಮಳೆ ಹಿಡಿಯುವ ಮೊದಲೇ ಕುಂಡವನ್ನು ಸೂರಿನಡಿಗೆ, ಗಾಳಿಯಾಡುವ ಕಡೆ ಸರಿಸಿ, ಇರುಚಲು ತಾಗದಂತೆ ಇಟ್ಟರೆ ಆಯಿತು. ಆಗ ನೀರು ಹೆಚ್ಚುಕಡಿಮೆ ಬೇಡವೇ ಬೇಡ. ಎಲೆ ಉದುರಿದರೆ ಉದುರಲಿ. ದಸರೆಯ ಹೊತ್ತಿಗೆ ಬಿಸಿಲಿಗೆ ತಂದರೆ ಎದ್ದುಕೊಳ್ಳುತ್ತದೆ.

ಬುಡ ಕೊಳೆತ ಗಿಡವನ್ನೂ ಎಸೆಯಬೇಕಿಲ್ಲ. ಮೇಲಿನ ಗಟ್ಟಿ ಭಾಗವನ್ನು ಕತ್ತರಿಸಿ, ಕಂದು ಕಲೆಯಿಲ್ಲದೆ ಬೆಳ್ಳಗೆ ಹಾಲು ಬರುವಲ್ಲಿಯವರೆಗೆ ಮೇಲಕ್ಕೆ ಕೊಯ್ಯುತ್ತ ಹೋಗಿ. ಹೊಸ ಗಿಡ ಮಾಡುವುದೂ ಹೀಗೆಯೇ. ಫೆಬ್ರುವರಿಯಿಂದ ಮೇ ಒಳ್ಳೆಯ ಕಾಲ. ಅಡುಗೆಮನೆಯ ಇಕ್ಕಳದಲ್ಲಿ ಹಿಡಿದು, ಕನ್ನಡಕ ಹಾಕಿಕೊಂಡು, ಗೇಣಿಗಿಂತ ಕೊಂಚ ಕಡಿಮೆ ಉದ್ದದ ಕಡ್ಡಿ ಕತ್ತರಿಸಿ. ಕತ್ತರಿಸಿದ ತುದಿಯನ್ನು ನೀರಿಗೆ ಅದ್ದಿದರೆ ಹಾಲು ನಿಲ್ಲುತ್ತದೆ. ಆಮೇಲೆ ನೆರಳಲ್ಲಿ ಒಂದು ವಾರ ಹಾಗೇ ಬಿದ್ದಿರಲಿ, ಗಾಯ ಒಣಗಿ ಹಕ್ಕಳೆ ಕಟ್ಟಲಿ. ಈ ವಾರ ಕಾಯದೆ ನೆಟ್ಟವರ ಕಡ್ಡಿಗಳೇ ಕೊಳೆಯುವುದು. ನೆಟ್ಟ ಮೇಲೆ ಮಣ್ಣು ತೇವವಿದ್ದರೆ ಸಾಕು, ಚಿಗುರೊಡೆಯುವವರೆಗೆ ಕೀಳಿ ಕೀಳಿ ಬೇರು ನೋಡಬೇಡಿ. ನಮ್ಮ ಬೀದಿಗಳಲ್ಲಿ ಈ ಗಿಡ ಹಬ್ಬಿರುವುದೇ ಹೀಗೆ ಬೇಡಿ ತಂದ ಕಡ್ಡಿಗಳಿಂದ.

‘ರೀ ಅಕ್ಕಾ, ಆ ಕೆಂಪು ಹೂವಿಂದು ಒಂದ್ ಕಡ್ಡಿ ಕೊಡ್ತೀರಾ?’

‘ಅಯ್ಯೋ, ಅದಕ್ಕೇನು ಕೇಳೋದು, ಮುರ್ಕೊಳಿ. ಮುಳ್ಳು ಹುಷಾರು.’

ಹಾಲಿನ ಬಗ್ಗೆ ಮಾತ್ರ ಯಾರೂ ಎಚ್ಚರಿಸುವುದಿಲ್ಲ.

ಕೀಟದ ಕಾಟ ಕಡಿಮೆ. ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ಎಲೆಯ ಕಂಕುಳು ನೋಡಿ, ಅರಳೆಯಂಥ ಬಿಳಿ ಹಿಟ್ಟುತಿಗಣೆ ಸಿಕ್ಕೀತು. ಅದರ ಸಿಹಿ ಅಂಟಿಗಾಗಿ ಇರುವೆಗಳೇ ಅದನ್ನು ಕಾಯುತ್ತವೆ. ನೀರಿಗೆ ಒಂದಿಷ್ಟು ಬೇವಿನೆಣ್ಣೆ, ಎರಡು ಹನಿ ಸೋಪು ಬೆರೆಸಿ, ಸಂಜೆ ಹೊತ್ತು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಹಿಟ್ಟುತಿಗಣೆಯ ಹತ್ತಿರದ ಬಳಗದ ಒಂದು ಹುಳ ನಮ್ಮ ದೇಶದಲ್ಲಿ ದೊಡ್ಡ ಕೆಲಸವನ್ನೇ ಮಾಡಿದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಕೆಂಪು ಬಣ್ಣ ತೆಗೆಯಲೆಂದು ಬ್ರೆಜಿಲ್‌ನಿಂದ ಕೊಚಿನೀಲ್ ಹುಳ ತರಿಸಿದರು. ಬಂದದ್ದು ಬೇಕಾದ ಜಾತಿಯಲ್ಲ. ಬಣ್ಣ ಕೈಗೆ ಹತ್ತಲಿಲ್ಲ, ಆದರೆ ಆ ಹುಳ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಹೀರಿ ಹೀರಿ ನೆಲಕ್ಕೊರಗಿಸಿತು. ಮತ್ತೆ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಬಗೆಯ ಕೊಚಿನೀಲ್ ತಂದು ದಕ್ಷಿಣ ಭಾರತದ ಪಾಪಾಸುಕಳ್ಳಿ ಮೆಳೆಗಳ ಮೇಲೆ ಬಿಟ್ಟಾಗ ಎಕರೆಗಟ್ಟಲೆ ಭೂಮಿ ಬಯಲಾಯಿತು.

ಕೊಳ್ಳುವವರಿಗೊಂದು ಮಾತು. ಲಾಲ್‌ಬಾಗ್‌ನಲ್ಲಿ ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬಗೆಬಗೆಯ ಬಣ್ಣ ಒಂದೇ ಕಡೆ ನೋಡಲು ಸಿಗುತ್ತದೆ. ಹೂವಿಗೆ ಮರುಳಾಗದೆ ಬುಡ ಅದುಮಿ ನೋಡಿ ಆರಿಸಿ. ನರ್ಸರಿಯ ಗಿಡಗಳು ಸಾಮಾನ್ಯವಾಗಿ ಬರೀ ಕೊಕೊಪೀಟ್‌ನಲ್ಲಿರುತ್ತವೆ. ಅದು ಒದ್ದೆಯಾದರೆ ಬೇಗ ಆರುವುದಿಲ್ಲ. ಎರಡು ವಾರ ಹಾಗೇ ಬಿಟ್ಟು, ಆಮೇಲೆ ನಿಮ್ಮ ಮಣ್ಣಿಗೆ ಬದಲಿಸಿ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ: ಆ ಗಿಡ ಅಷ್ಟು ದಿನ ಹಸಿರು ನೆಟ್‌ನ ನೆರಳಲ್ಲಿ ಬೆಳೆದದ್ದು. ತಂದ ದಿನವೇ ಏಪ್ರಿಲ್ ಬಿಸಿಲಿಗಿಟ್ಟರೆ ಎಲೆ ಸುಟ್ಟು ಕಲೆ ಬೀಳುತ್ತದೆ. ‘ನೋಡಿ, ಇದಕ್ಕೆ ಬಿಸಿಲು ಆಗಲ್ಲ’ ಎಂದು ಅಲ್ಲಿಗೆ ಅದನ್ನು ಎತ್ತಿ ಹಾಲ್‌ಗೆ ತರುತ್ತಾರೆ, ಟೀವಿ ಪಕ್ಕದ ಸ್ಟೂಲಿಗೆ. ಮೊದಲ ವಾರ ಬೆಳಗಿನ ಎಳೆಬಿಸಿಲು ಎರಡು ಗಂಟೆ, ಎರಡನೇ ವಾರ ಹನ್ನೊಂದರವರೆಗೆ, ಮೂರನೇ ವಾರದಿಂದ ಪೂರ್ತಿ ಬಿಸಿಲಿಗೆ ಬಿಡಿ. ಸುಟ್ಟ ಎಲೆ ಉದುರಿ ಬರುವ ಹೊಸ ಎಲೆ ಸಣ್ಣದಾಗಿ, ದಪ್ಪವಾಗಿ ಇರುತ್ತದೆ. ಅದಕ್ಕೆ ಯಾವ ಬಿಸಿಲೂ ತಾಗುವುದಿಲ್ಲ.